ರಿವೆಟ್ಟಿನ ಸುತ್ತ ಬಿಳಿ ಪುಡಿ: ಒಂದು ಜಿಟಿಎ ಕಾರಿನೊಂದಿಗೆ ನನ್ನ ಅನುಭವ

ಟಿಂಕರಿಂಗ್ ಕಲಿಯಲು ಬಂದ ಹುಡುಗನಿಗೆ ದಾವಣಗೆರೆಯ ನಮ್ಮ ಸೋದರಮಾವನ ಗ್ಯಾರೇಜಿನಲ್ಲಿ ಸುತ್ತಿಗೆ ಕೊಡುವ ಮೊದಲು ಕಿವಿಯ ಪಾಠವಾಗುತ್ತಿತ್ತು. ಬೆರಳ ಗೆಣ್ಣಿನಿಂದ ತಟ್ಟಿದಾಗ ಖಣ್ ಎಂದರೆ ಬರೀ ತಗಡು, ದಪ್ ಎಂದರೆ ಬಣ್ಣದಡಿ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ. ಮುಂದೆ ಟೂರಿನ್‌ನಲ್ಲಿ ವಾಹನ ಎಂಜಿನಿಯರಿಂಗ್ ಓದಿ, ಮಿಲಾನ್ ಹೊರವಲಯದಲ್ಲಿ ಹಳೆಯ ಕಾರುಗಳನ್ನು ದುರಸ್ತಿ ಮಾಡುವ ಸಣ್ಣ ಕಾರ್ಯಾಗಾರವೊಂದರಲ್ಲಿ ಕೆಲಸಕ್ಕೆ ಸೇರಿದ ನನ್ನ ಮುಂದೆ 1966ರ ಆಲ್ಫಾ ರೋಮಿಯೋ ಜೂಲಿಯಾ ಸ್ಪ್ರಿಂಟ್ ಜಿಟಿಎ ಬಂದು ನಿಂತಾಗಲೂ ನಾನು ಮೊದಲು ಮಾಡಿದ್ದು ಅದನ್ನೇ. ಎಡಗಡೆಯ ಹಿಂಚಕ್ರದ ಕಮಾನಿನಿಂದ ಬಾಗಿಲಿನ ಅಂಚಿನವರೆಗೆ ಎಲ್ಲಿ ತಟ್ಟಿದರೂ ದಪ್ ಎಂದೇ ಕೇಳಿಸಿತು.

ಜಿಟಿಎ ಎಂಬ ಹೆಸರಿನ ಕೊನೆಯ ಅಕ್ಷರ ಇಟಾಲಿಯನ್ನಿನ ‘ಅಲ್ಲೆಜೆರಿತಾ’ ಎಂಬ ಪದದ್ದು; ಹಗುರಗೊಳಿಸಿದ್ದು ಎಂದು ಅದರ ಅರ್ಥ. ಟೂರಿಂಗ್ ಕಾರುಗಳ, ಅಂದರೆ ರಸ್ತೆಯ ಕಾರುಗಳನ್ನೇ ಆಧರಿಸಿದ ಕಾರುಗಳ, ಪಂದ್ಯಕ್ಕೆ ಇಳಿಸುವ ಮಾದರಿಯನ್ನು ಸಾರ್ವಜನಿಕರಿಗೂ ನಿಗದಿತ ಸಂಖ್ಯೆಯಲ್ಲಿ ತಯಾರಿಸಿರಬೇಕೆಂಬ ನಿಯಮವಿದ್ದುದರಿಂದ, 1965ರಿಂದ ಸುಮಾರು 500 ಕಾರುಗಳನ್ನು ಕಟ್ಟಲಾಯಿತು. ಉಕ್ಕಿನ ಮೈಯ ಸ್ಪ್ರಿಂಟ್ ಜಿಟಿ ಸುಮಾರು 950 ಕಿಲೋ ತೂಗಿದರೆ, ನೋಟಕ್ಕೆ ಅದರ ತದ್ರೂಪಿಯಾದ ಇದರ ಒಣ ತೂಕ ಸುಮಾರು 745 ಕಿಲೋ. ಎಂಜಿನಿಯರ್ ಕಾರ್ಲೋ ಕಿಟಿ ಮುನ್ನಡೆಸುತ್ತಿದ್ದ, ಆಲ್ಫಾ ರೋಮಿಯೋದ ಪಂದ್ಯದ ತಂಡವಾದ ಆಟೊಡೆಲ್ಟಾದ ಕಾರಿನಲ್ಲಿ ಚಾಲಕ ಆಂಡ್ರೆಯಾ ದೆ ಆದಾಮಿಚ್ 1966ರ ಯುರೋಪಿಯನ್ ಟೂರಿಂಗ್ ಕಾರ್ ಪಂದ್ಯಾವಳಿಯಲ್ಲಿ ತಮ್ಮ ವಿಭಾಗದ ಪ್ರಶಸ್ತಿ ಗೆದ್ದುದಕ್ಕೆ, ಎಂಜಿನ್ನಿನಷ್ಟೇ ಈ 200 ಕಿಲೋ ವ್ಯತ್ಯಾಸವೂ ಕಾರಣವೆಂದು ನಾನು ನಂಬಿದ್ದೇನೆ.

ಕೆಳಗಿನ ಚೌಕಟ್ಟನ್ನು ಉಕ್ಕಿನದಾಗಿಯೇ ಉಳಿಸಿಕೊಂಡು, ಹೊರಮೈಯನ್ನೆಲ್ಲ ಪೆರಾಲುಮನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನಲ್ಲಿ ಮಾಡಿ, ರಿವೆಟ್ ಹೊಡೆದು ಕೂರಿಸಿದ್ದರಿಂದ ಈ ಹಗುರತನ ಸಿಕ್ಕಿತು. ಎರಡು ಬೇಸಗೆ ಓಡಿದರೆ ಸಾಕೆಂದು ಕಟ್ಟಿದ ಕಾರನ್ನು ಅರವತ್ತು ವರ್ಷ ಉಳಿಸಿಕೊಳ್ಳ ಹೊರಟವರಿಗೆ ಕಾಡುವುದೂ ಇದೇ ಜೋಡಣೆ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವಲ್ಲಿ ನೀರು ನಿಂತರೆ ಅದೊಂದು ಬ್ಯಾಟರಿಯೇ ಆಗುತ್ತದೆ, ಮತ್ತು ಆ ಬ್ಯಾಟರಿಯಲ್ಲಿ ಕರಗುವ ಪಾಲು ಅಲ್ಯೂಮಿನಿಯಮಿನದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಊರಾದರೆ ಕೇಳುವುದೇ ಬೇಡ. ಪುಟ್ಟಿಯನ್ನು ಕೆರೆದು, ರಿವೆಟ್ಟುಗಳ ತಲೆಯನ್ನು ಡ್ರಿಲ್ ಮಾಡಿ ತೆಗೆದು ತಗಡನ್ನು ಮೆಲ್ಲಗೆ ಎಬ್ಬಿಸಿದಾಗ, ಕಮಾನಿನ ಒಳ ಅಂಚಿನುದ್ದಕ್ಕೂ ಅಲ್ಯೂಮಿನಿಯಂ ಸವೆದು ಆದ ಸುಣ್ಣದಂಥ ಬಿಳಿ ಪುಡಿ ಉದುರಿತು. ತಗಡು ಹಪ್ಪಳದಂತೆ ಬೆರಳಲ್ಲೇ ಮುರಿಯಿತು. ಹಿಂದೆ ಯಾರೋ ಇದರ ಮೇಲೆಯೇ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದರು. ಕೆರೆದ ಪುಟ್ಟಿಯನ್ನು ಬಕೆಟ್ಟಿನಲ್ಲಿ ಕೂಡಿಸಿ ತೂಗಿದೆ: ಏಳು ಕಿಲೋ. ಗ್ರಾಂ ಲೆಕ್ಕದಲ್ಲಿ ಹಗುರ ಮಾಡಿದ ಕಾರಿಗೆ ಏಳು ಕಿಲೋ ಪುಟ್ಟಿ!

ಹಾಳಾದ ಭಾಗವನ್ನಷ್ಟೇ ಕತ್ತರಿಸಿ, 1.2 ಮಿಲಿಮೀಟರ್ ತಗಡಿನಲ್ಲಿ ಹೊಸ ತುಂಡು ಮಾಡಲು ಕುಳಿತೆ. ಉಕ್ಕಿನ ತಗಡಿಗೆ ಒಗ್ಗಿದ್ದ ನನ್ನ ದಾವಣಗೆರೆಯ ಕೈ ಸೋತದ್ದು ಇಲ್ಲಿಯೇ. ಅಲ್ಯೂಮಿನಿಯಂ ತಗಡು ಸುತ್ತಿಗೆಯ ಏಟಿಗೆ ಬೇಗ ಗಡುಸಾಗುತ್ತದೆ, ಆಮೇಲೂ ಬಡಿದರೆ ಸೀಳುತ್ತದೆ; ಆದ್ದರಿಂದ ನಡುನಡುವೆ ಕಾಯಿಸಿ ಮೆದು ಮಾಡಿಕೊಳ್ಳಬೇಕು. ಉಕ್ಕು ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಮಾತ್ರ ಬಣ್ಣವನ್ನೇ ಬದಲಿಸದೆ ಇದ್ದಕ್ಕಿದ್ದಂತೆ ಕರಗಿಬಿಡುತ್ತದೆ. ನನ್ನ ಮೊದಲ ತುಂಡಿನ ನಡುವೆ ಅಂಗೈಯಗಲದ ತೂತು ಬಿದ್ದದ್ದು ಹಾಗೆ. ಕಾರ್ಯಾಗಾರದ ಹಿರಿಯ ಮೇಸ್ತ್ರಿ ಏನನ್ನೂ ಹೇಳದೆ ಕೈತೊಳೆಯುವ ಜಾಗದಿಂದ ಬಟ್ಟೆ ಸೋಪಿನ ಬಿಲ್ಲೆ ತಂದುಕೊಟ್ಟರು. ಒಣ ಸೋಪನ್ನು ತಗಡಿನ ಮೇಲೆ ಗೀಚಿ, ಹಿಂಬದಿಯಿಂದ ಗ್ಯಾಸಿನ ಜ್ವಾಲೆಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಿದ್ದರೆ, ಸೋಪಿನ ಗೆರೆ ಮೊದಲು ಕಂದಾಗಿ ಆಮೇಲೆ ಕಪ್ಪಾಗುತ್ತದೆ. ಕಪ್ಪಾದ ಕ್ಷಣವೇ ಜ್ವಾಲೆ ತೆಗೆಯಬೇಕು. ತಣಿದ ಮೇಲೆ ತಗಡು ರಟ್ಟಿನಂತೆ ಬಾಗುತ್ತದೆ. ಆ ಕಮಾನಿನ ತುಂಡನ್ನು ಮರಳುಚೀಲದ ಮೇಲಿಟ್ಟು, ಮರದ ಸುತ್ತಿಗೆಯಿಂದ ಬಡಿದು, ಹೀಗೆ ಐದು ಸಲ ಕಾಯಿಸಿದ ಮೇಲೆ ಅದು ಹಳೆಯ ಅಂಚಿಗೆ ಕೂತಿತು.

ಜೋಡಿಸುವ ಮೊದಲು ಉಕ್ಕಿನ ಅಂಚಿಗೂ ತಗಡಿನ ಒಳಮೈಗೂ ಎಪಾಕ್ಸಿ ಪ್ರೈಮರ್ ಹೊಡೆದು, ನಡುವೆ ತೆಳುವಾದ ಸೀಲರ್ ಪದರ ಎಳೆದು, ಪಾಪ್ ರಿವೆಟ್ಟುಗಳನ್ನು, ಅಂದರೆ ನಡುವಿನ ಕಡ್ಡಿಯನ್ನು ಎಳೆದು ಒಂದೇ ಬದಿಯಿಂದ ಬಿಗಿಸುವಂಥವನ್ನು, ಆ ನಡುಕಡ್ಡಿಯೂ ಅಲ್ಯೂಮಿನಿಯಮಿನದೇ ಆದದ್ದನ್ನು ನೋಡಿ ಬಳಸಿದೆ. ಉಕ್ಕಿನ ಕಡ್ಡಿಯಿದ್ದರೆ ಪ್ರತಿ ರಿವೆಟ್ಟಿನೊಳಗೂ ಅದೇ ಬ್ಯಾಟರಿಯನ್ನು ನಾವೇ ಇಟ್ಟಂತಾಗುತ್ತದೆ. ರಿವೆಟ್ಟುಗಳ ಅಂತರಕ್ಕೆ ಬಲಗಡೆಯ ಹಳೆಯ ಸಾಲನ್ನೇ ಅಳತೆಯಾಗಿ ಇಟ್ಟುಕೊಂಡೆ. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಅಂತರ ಒಂದೇ ಸಮನಾಗಿರಲಿಲ್ಲ. ಅಂದಿನ ಕೆಲಸಗಾರ ಕಣ್ಣಳತೆಯಲ್ಲಿ ಹೊಡೆದಿರಬೇಕು. ಅದನ್ನು ನೇರ್ಪುಗೊಳಿಸುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ.

ಎಂಜಿನ್ ನನ್ನ ವಿಭಾಗವಲ್ಲದಿದ್ದರೂ ಒಂದು ಮಾತು ಹೇಳಲೇಬೇಕು. 1570 ಸಿಸಿಯ ಆ ನಾಲ್ಕು ಸಿಲಿಂಡರುಗಳಿಗೆ ಎಂಟು ಸ್ಪಾರ್ಕ್ ಪ್ಲಗ್ಗುಗಳಿವೆ: ವಾಲ್ವುಗಳನ್ನು ದೊಡ್ಡದು ಮಾಡಿದಾಗ ನಡುವೆ ಪ್ಲಗ್ಗಿಗೆ ಜಾಗ ಉಳಿಯದೆ, ಎರಡು ಬದಿಗೂ ಒಂದೊಂದು ಇಟ್ಟಿದ್ದಾರೆ. ಎಂಜಿನ್ನಿನ ಎಣ್ಣೆ ತಂಗುವ ಕೆಳಗಿನ ತೊಟ್ಟಿ, ಅಂದರೆ ಆಯಿಲ್ ಸಂಪ್, ಮೆಗ್ನೀಸಿಯಮಿನದು. ತೇವ ತಗಲಿದರೆ ಅದು ಅಲ್ಯೂಮಿನಿಯಮಿಗಿಂತಲೂ ಬೇಗ ಸವೆಯುತ್ತದೆ. ಮೆಗ್ನೀಸಿಯಂ ಚಕ್ರಗಳನ್ನು ನಾವು ಗೋಡೆಗೆ ನೇತುಹಾಕಿ, ಓಡಿಸಲು ಬೇರೆಯವನ್ನು ಹಾಕಿದೆವು.

ಕೆಲಸ ಮುಗಿದ ದಿನ ನಾಲ್ಕು ಚಕ್ರಗಳ ಕೆಳಗೂ ತಕ್ಕಡಿಯಿಟ್ಟು ತೂಗಿದೆವು. ಎಣ್ಣೆ, ನೀರು, ಸ್ವಲ್ಪ ಪೆಟ್ರೋಲು ಸೇರಿ 788 ಕಿಲೋ ಬಂತು. ಈಗ ಆರು ತಿಂಗಳಿಗೊಮ್ಮೆ ಕಾರು ಬರುತ್ತದೆ, ನಾನು ನೀರು ಬಸಿಯುವ ತೂತಿನೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಅಂಚನ್ನು ನೋಡುತ್ತೇನೆ. ಕಳೆದ ನವೆಂಬರಿನಲ್ಲಿ ಕಮಾನಿನ ತುದಿಯ ಒಂದು ರಿವೆಟ್ಟಿನ ಸುತ್ತ ಸಾಸಿವೆ ಕಾಳಿನಷ್ಟು ಬಿಳಿ ಕಂಡಿತು. ಸೀಲರ್ ಅಲ್ಲಿ ತಲುಪಿರಲಿಲ್ಲ, ತಪ್ಪು ನನ್ನದೇ. ಆ ಒಂದು ರಿವೆಟ್ಟನ್ನು ಕಿತ್ತು, ಒರೆಸಿ, ಪ್ರೈಮರ್ ಬಳಿದು ಹೊಸದನ್ನು ಹೊಡೆದೆ.