ಕಾರಿಲ್ಲದೆ ಸಿಲ್ಚೆಸ್ಟರ್: ನನ್ನ ಅನುಭವ

“ಕಾರಿಲ್ಲದೆ ಸಿಲ್ಚೆಸ್ಟರ್ ಆಗಲ್ಲ ಬಿಡಿ” ಅಂತ ಇಂಗ್ಲೆಂಡಿನ ರೆಡಿಂಗ್‌ನ ಕನ್ನಡ ಗೆಳೆಯರೆಲ್ಲ ಹೇಳಿದ್ದರು. ಸಿಲ್ಚೆಸ್ಟರ್ ಅಂದರೆ ರೆಡಿಂಗ್ ಹತ್ತಿರದ ಹಳ್ಳಿ, ಪಾಳುಬಿದ್ದ ರೋಮನ್ ಪಟ್ಟಣವೊಂದರ ಜಾಗ. ಈಗ ಅವರೇ ರೈಲಿನ ಸಮಯ ಕೇಳುತ್ತಾರೆ.

ಮೊದಲು ಟ್ಯಾಕ್ಸಿಯಲ್ಲಿ ಹೋದೆ. ಹೋಗಲಿಕ್ಕೇ 30 ಪೌಂಡ್ ದಾಟಿತು. ವಾಪಸ್ ಬರಲು ಫೋನ್ ಮಾಡಿದರೆ ಆ ಹಳ್ಳಿಗೆ ಯಾರೂ ಬರಲೊಲ್ಲರು. ಆಮೇಲೆ ಸೈಕಲ್. ಕಿರಿದಾದ ರಸ್ತೆ, ಕಾರುಗಳ ವೇಗ ಜಾಸ್ತಿ, ಮೇಲಿಂದ ಮಳೆ. ಸುಮಾರು 60 ಪೌಂಡ್ ಕೊಟ್ಟು ತಂದ ಹೊಸ ಶೂ ಕೆಸರಿನ ಪಾಲಾಯಿತು.

ಕೊನೆಗೆ ಕೈಹಿಡಿದದ್ದು ಬೇಸಿಂಗ್‌ಸ್ಟೋಕ್ ಕಡೆಯ ಸಣ್ಣ ರೈಲು. ಮಾರ್ಟಿಮರ್‌ನಲ್ಲಿ ಇಳಿದು ನಡೆದರೆ ಒಂದು ಗಂಟೆ ಚಿಲ್ಲರೆ. ಪಾಳು ಪಟ್ಟಣ ನೋಡಲು ಟಿಕೆಟ್ಟೂ ಇಲ್ಲ, ಕೌಂಟರೂ ಇಲ್ಲ. ಇಡೀ ದಿನದ ಖರ್ಚು ಟ್ಯಾಕ್ಸಿಯ ಕಾಲುಭಾಗವೂ ಆಗಲಿಲ್ಲ.

ಹೆಚ್ಚಿನವರು ನೇರ ನಡುವಿನ ಹೊಲಕ್ಕೆ ನುಗ್ಗಿ “ಬರೀ ಹುಲ್ಲು, ದನ” ಎಂದು ಗೊಣಗುತ್ತಾರೆ. ಕಲೇವಾ ಅಂತ ಹೆಸರಿದ್ದ ಆ ರೋಮನ್ ಪಟ್ಟಣ ಪಾಳುಬಿದ್ದ ಮೇಲೆ ಅಲ್ಲಿ ಇನ್ನೊಂದು ಪಟ್ಟಣ ಎದ್ದಿಲ್ಲ. ಬೀದಿಗಳೆಲ್ಲ ಹುಲ್ಲಿನಡಿಯಲ್ಲೇ ಇವೆ. ಹಾಗಾಗಿ ನಾನು ಮೊದಲು ಪಟ್ಟಣದ ಸುತ್ತಲಿನ ಗೋಡೆ ಹಿಡಿಯುತ್ತೇನೆ. ಸುತ್ತಳತೆ ಸುಮಾರು 2.4 ಕಿಲೋಮೀಟರ್, ಕೆಲವು ಕಡೆ 4 ಮೀಟರ್‌ನಷ್ಟು ಎತ್ತರ. ಮೂರನೇ ಶತಮಾನದ ಕೆಲಸ. ಹೊರಮೈಯ ಕಲ್ಲನ್ನು ಜನ ಯಾವಾಗಲೋ ಕಿತ್ತುಕೊಂಡು ಹೋಗಿದ್ದಾರೆ, ನಮಗೆ ಕಾಣುವುದು ಒಳಗೆ ತುಂಬಿದ ಚಕಮಕಿ ಕಲ್ಲು ಮತ್ತು ಗಾರೆ. ದಕ್ಷಿಣದ ಬಾಗಿಲ ಹತ್ತಿರ ಅದನ್ನು ನೋಡಲು ನನಗೆ ಎಷ್ಟು ಹೊತ್ತಾದರೂ ಸಾಲದು. ಗೋಡೆಯಾಚೆಗಿನ ಬಯಲು ರಂಗಸ್ಥಳಕ್ಕೆ ಹತ್ತು ನಿಮಿಷ ಸಾಕು, ಬುತ್ತಿ ಬಿಚ್ಚಲು ಒಳ್ಳೆ ಜಾಗ.

ಬೇಸಗೆಯಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ಮಳೆ ಕೈಕೊಟ್ಟಾಗ ಹಳೆಯ ಬೀದಿಗಳ ಜಲ್ಲಿಯ ಮೇಲಿನ ಹುಲ್ಲು ಮೊದಲು ಒಣಗುತ್ತದೆ, ಅಲ್ವಾ? ಸೆಲ್ಫಿ ಕಡ್ಡಿಗೆ ಫೋನ್ ಸಿಕ್ಕಿಸಿ ಎತ್ತಿ ಹಿಡಿದೆ. ಫೋಟೋದಲ್ಲಿ ಏನೂ ಇಲ್ಲ. ಸಂಜೆ ಬಿಸಿಲು ಓರೆಯಾದಾಗ ಬರಿಗಣ್ಣಿಗೇ ನೆಟ್ಟಗೆ ಹಳದಿ ಪಟ್ಟಿ ಕಂಡಿತು! ಎಲ್ಲಿ ನಿಂತೆ ಅಂತ ಕೇಳಬೇಡಿ, ಅದು ನನ್ನ ಗುಟ್ಟು.

ರೆಡಿಂಗ್ ಮ್ಯೂಸಿಯಂಗೆ ಮಾತ್ರ ಮೊದಲೇ ಹೋಗಿ, ಅದೂ ಪುಕ್ಕಟೆ. 1866ರಲ್ಲಿ ಸಿಲ್ಚೆಸ್ಟರ್‌ನಲ್ಲಿ ಸಿಕ್ಕ ಕಂಚಿನ ಹದ್ದು ಅಲ್ಲಿದೆ. ಅದು ಸಿಕ್ಕಿದ್ದು ರೋಮನ್ ಪಟ್ಟಣದ ನಡುವಿನ ಸಭಾಭವನದ ಜಾಗದಲ್ಲಿ. ನೋಡಿಕೊಂಡು ಬಂದವರು ಆ ಜಾಗ ಎಲ್ಲಿ ಅಂತ ಹೊಲದಲ್ಲಿ ಹುಡುಕುತ್ತಾರೆ, ದನದ ಬಗ್ಗೆ ಗೊಣಗುವುದಿಲ್ಲ.