ಒಂದೇ ಡೋಜರ್‌ನಲ್ಲಿ ಗುಡ್ಡ ಇಳಿಸಿದ್ದು: ಸ್ಲಾಟ್ ಹೊಡೆದ ನನ್ನ ಅನುಭವ

ಗುಡ್ಡದ ತಲೆ ಕಡಿದು ಪಕ್ಕದ ತಗ್ಗು ತುಂಬಬೇಕಿತ್ತು. ತಳ್ಳುವ ದೂರ ಸರಾಸರಿ 40-50 ಮೀಟರ್. ಒಂದು ಹಿಟಾಚಿ, ಮೂರ್ನಾಲ್ಕು ಟಿಪ್ಪರ್ ಇಲ್ಲದೆ ಇದು ಆಗುವ ಕೆಲಸವೇ ಅಲ್ಲ ಅಂತ ಎಲ್ಲರೂ ಹೇಳಿದರು. ಒಂದೇ ಚೈನ್ ಡೋಜರ್‌ನಲ್ಲಿ ಮುಗಿಸಿ ತೋರಿಸಿದೆ. ಗಾಡಿ 20 ಟನ್ ಆಸುಪಾಸಿನದು, 200 ಎಚ್‌ಪಿ, ಎರಡೂ ತುದಿ ಸ್ವಲ್ಪ ಮುಂದಕ್ಕೆ ಬಾಗಿದ ಸೆಮಿ-ಯು ಬ್ಲೇಡ್, ಹಿಂದೆ ಗಟ್ಟಿ ನೆಲ ಸೀಳುವ ರಿಪ್ಪರ್. ದೊಡ್ಡ ಗಾಡಿಯೇನಲ್ಲ.

ಮೊದಲ ವಾರ ಸೈಟಿನವರು ಕೇಳಿದ ಹಾಗೆ ಇಡೀ ಅಗಲಕ್ಕೆ ಹರಡಿಕೊಂಡು ತಳ್ಳಿದೆವು. ಅದು ಸುಮ್ನೆ ಡೀಸೆಲ್ ಸುಡುವ ಕೆಲಸ. ಹೊರಡುವಾಗ ಬ್ಲೇಡಿನ ಮುಂದೆ 5 ಘನ ಮೀಟರ್ ಹತ್ತಿರ ಮಣ್ಣು ಇರುತ್ತಿತ್ತು. ತಗ್ಗು ತಲುಪುವಾಗ ಮೂರು, ಮೂರೂವರೆ. ಉಳಿದದ್ದೆಲ್ಲ ಎರಡೂ ಕಡೆ ಸೋರಿ ಬದುವಾಗಿ ಬಿದ್ದಿರುತ್ತಿತ್ತು. ಆ ಬದು ಬಳಿಯಲು ಮತ್ತೊಂದು ಟ್ರಿಪ್. ಗಂಟೆಗೆ 22-25 ಲೀಟರ್ ಕುಡಿಯುವ ಗಾಡಿ, ಕೆಲಸ ಹಿಡಿದದ್ದು ಘನ ಮೀಟರ್ ಲೆಕ್ಕಕ್ಕೆ. ಹೀಗೇ ಹೋದರೆ ಕೈಯಿಂದ ಹಾಕಬೇಕಾಗುತ್ತಿತ್ತು.

ಆಮೇಲೆ ಸ್ಲಾಟ್ ಶುರು ಮಾಡಿದೆ. ಬ್ಲೇಡಿನಷ್ಟೇ ಅಗಲದ ಸಾಲು, ಪಕ್ಕದಲ್ಲಿ ಸುಮಾರು ಒಂದು ಮೀಟರ್ ಅಗಲದ ಮಣ್ಣಿನ ಗೋಡೆ, ಅದರಾಚೆ ಇನ್ನೊಂದು ಸಾಲು. ಮಣ್ಣು ಪಕ್ಕಕ್ಕೆ ಹೋಗಲು ಜಾಗವೇ ಇಲ್ಲ. ಸೂಪರ್‌ವೈಸರ್ ಬಂದು, "ಅಣ್ಣ, ಲೆವೆಲ್ ಮಾಡಿ ಅಂದ್ರೆ ಹೊಲ ಉತ್ತ ಹಾಗೆ ಸಾಲು ಹೊಡೀತಿದ್ದೀರಲ್ಲ?" ಅಂದರು. ಎರಡು ದಿನ ಸುಮ್ಮನಿರಿ ಅಂದೆ. ಬರೀ ಸ್ಲಾಟ್‌ನಿಂದಲೇ ಐದನೇ ಒಂದು ಪಾಲು ಜಾಸ್ತಿ ಮಣ್ಣು ಹೋಯಿತು. ಇಳಿಜಾರಿಗೆ ತಳ್ಳಿದ್ದರಿಂದ ಅದರ ಮೇಲೆ ಇನ್ನಷ್ಟು ಸಿಕ್ಕಿತು.

ಸ್ಲಾಟ್ ಎಲ್ಲರಿಗೂ ಗೊತ್ತಿರುವುದೇ. ಆದರೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರಲ್ಲೇ ದುಡ್ಡು ಇರುವುದು. ತುಂಬಾ ಜನ ಹಿಂದಿನ ತುದಿಯಿಂದ ಕಡಿಯುತ್ತಾ ಬರುತ್ತಾರೆ. ನಾನು ತಗ್ಗಿನ ಅಂಚಿನ ಹತ್ತಿರವೇ ಮೊದಲ ಕಟ್ ಹಾಕಿದೆ. ಎರಡನೇ ಕಟ್ ಅದರ ಹಿಂದೆ, ಮೂರನೆಯದು ಇನ್ನೂ ಹಿಂದೆ. ಹೀಗೆ ಮಾಡಿದರೆ ಬ್ಲೇಡ್ ತುಂಬಿದ ಕೂಡಲೇ ಮುಂದೆ ಆಗಲೇ ಕಡಿದ ಸಾಲು ಸಿಗುತ್ತದೆ. ತುಂಬಿದ ಬ್ಲೇಡನ್ನು ಇನ್ನೂ ಕಡಿಯದ ನೆಲದ ಮೇಲೆ ಎಳೆದಾಡುವ ಕೆಲಸವೇ ಇಲ್ಲ. ಸೀಟಿನಲ್ಲಿ ಕೂತವನಿಗೆ ಇದು ಕಣ್ಣಿಗೇ ಕಾಣುತ್ತದೆ. ಮಣ್ಣು ಬ್ಲೇಡಿನ ಹೊಟ್ಟೆಯಲ್ಲಿ ಸುರುಳಿ ಸುತ್ತುತ್ತಾ ಮೇಲೇರಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಎಂಜಿನ್ ದನಿ ಒಂಚೂರು ಭಾರವಾಗುತ್ತದೆ. ಆಗಲೇ ಬ್ಲೇಡನ್ನು ಕೂದಲೆಳೆಯಷ್ಟು ಎತ್ತಬೇಕು. ಚೈನ್ ಜಾರುವ ತನಕ ಕಾದರೆ ಚೈನಿನ ಪಟ್ಟಿಗಳು (ಶೂ) ಸವೆದ ಲೆಕ್ಕ ನಿಮ್ಮ ತಲೆಗೇ.

ಕಟ್ ಹಾಕುವಾಗ ಬ್ಲೇಡ್ ಎಷ್ಟು ವಾಲಿಸುತ್ತೇನೆ, ಕೊನೆಗೆ ಆ ಗೋಡೆಗಳನ್ನು ಯಾವ ಕ್ರಮದಲ್ಲಿ ಒಡೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಗೋಡೆ ಬ್ಲೇಡಿನ ಎತ್ತರ ಮೀರಬಾರದು, ಅಷ್ಟು ಹೇಳಬಲ್ಲೆ.

ಅರ್ಧ ಗುಡ್ಡ ಇಳಿದ ಮೇಲೆ ಗಟ್ಟಿ ಪದರ ಸಿಕ್ಕಿತು. ರಿಪ್ಪರ್‌ನ ಮೂರೂ ಹಲ್ಲು ಇಳಿಸಿದರೆ ಗಾಡಿ ನಿಂತಲ್ಲೇ ಚೈನ್ ತಿರುಗಿಸುತ್ತಿತ್ತು. ಬಂಡೆ ಒಡೆಯುವ ಬ್ರೇಕರ್ ತರಿಸಿ ಅಂತ ಮತ್ತೆ ಒತ್ತಾಯ. ಬ್ರೇಕರ್ ಬಾಡಿಗೆ ಕೊಟ್ಟಿದ್ದರೆ ಲಾಭ ಅಲ್ಲೇ ಕರಗುತ್ತಿತ್ತು. ಎರಡು ಹಲ್ಲು ಬಿಚ್ಚಿ ನಡುವಿನದೊಂದನ್ನೇ ಉಳಿಸಿದೆ. ಫಸ್ಟ್ ಗೇರ್, ಗಂಟೆಗೆ 2 ಕಿಲೋಮೀಟರ್ ಆಸುಪಾಸು, ಇಳಿಜಾರಿನ ಕಡೆಗೆ. ಫುಲ್ ಆಕ್ಸಿಲರೇಟರ್ ಬೇಡವೇ ಬೇಡ. ಸೀಳಿದ್ದನ್ನೆಲ್ಲ ಬಳಿದು ಬರಿ ಬಂಡೆ ಮಾಡದೆ ಮೇಲೆ ನಾಲ್ಕು ಬೆರಳು ಪುಡಿ ಬಿಟ್ಟೆ. ಚೈನ್‌ಗೆ ಹಿಡಿತ ಸಿಕ್ಕಿತು, ರೋಲರ್‌ಗಳ ಮೇಲಿನ ಹೊಡೆತವೂ ಕಮ್ಮಿ ಆಯಿತು.

ಚೈನ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಡೋಜರ್ ರಿಪೇರಿ ಖರ್ಚಿನಲ್ಲಿ ಹತ್ತಿರಹತ್ತಿರ ಅರ್ಧ ಅಡಿಭಾಗದ್ದೇ ಅಲ್ವಾ? ಸ್ಲಾಟ್‌ನಲ್ಲಿ ರಿವರ್ಸ್ ಜಾಸ್ತಿ, ರಿವರ್ಸ್‌ನಲ್ಲೇ ಚೈನ್ ಕೊಂಡಿಗಳ ಬುಶಿಂಗ್ ಬೇಗ ಸವೆಯುವುದು. ಹಾಗಾಗಿ ಥರ್ಡ್ ಗೇರ್‌ನಲ್ಲಿ ಹಿಂದಕ್ಕೆ ಓಡಿಸುವುದನ್ನು ಆಪರೇಟರ್‌ಗೆ ಪೂರ್ತಿ ಬಿಡಿಸಿದೆ. ದಿನಾ ಬೆಳಿಗ್ಗೆ ಚೈನಿನ ಮುಂದಿನ ಚಕ್ರದಿಂದ (ಐಡ್ಲರ್) ಮೇಲಿನ ರೋಲರ್‌ಗೆ ನೇರ ಪಟ್ಟಿ ಇಟ್ಟು ಚೈನ್ ಜೋಲು ನೋಡುತ್ತಿದ್ದೆ. ನನ್ನ ಗಾಡಿಗೆ 25 ಮಿಲಿಮೀಟರ್ ಸುಮಾರು ಸರಿಹೋಗುತ್ತದೆ. ಚೈನ್ ತಿರುಗಿಸುವ ಚಕ್ರದ ಹಲ್ಲುಗಳ ಸಂದಿಯಲ್ಲಿ ಕೆಸರು ಕಚ್ಚಿಕೊಂಡರೆ ಚೈನ್ ತಾನಾಗಿ ಬಿಗಿಯುತ್ತದೆ. ಅದನ್ನು ಕೆರೆದು ತೆಗೆಯದೆ ಅಳೆದರೆ ಆ ಅಳತೆಗೆ ಬೆಲೆ ಇಲ್ಲ.

ನಡುವೆ ಪರಿಚಯದವರ ಗಾಡಿ ಖಾಲಿ ಇತ್ತು ಅಂತ ಎರಡು ಡೋಜರ್ ಪಕ್ಕಪಕ್ಕ ಇಟ್ಟು, ಬ್ಲೇಡಿಗೆ ಬ್ಲೇಡ್ ತಾಗುವಷ್ಟು ಹತ್ತಿರ ತಳ್ಳಿಸಿ ನೋಡಿದೆ. ನಡುವೆ ಸೋರುವುದು ನಿಂತಿತು, ಚೆನ್ನಾಗಿಯೇ ಇತ್ತು. ಆದರೆ ಇಬ್ಬರು ಆಪರೇಟರ್‌ಗಳ ಕೈ ಒಂದೇ ತರ ಓಡಬೇಕು. ಸಣ್ಣ ದೂರಕ್ಕೆ ಒಬ್ಬರಿಗೊಬ್ಬರು ಕಾಯುವುದರಲ್ಲೇ ಲಾಭ ಹೋಗುತ್ತದೆ. ಒಣಗಿ ಕಲ್ಲಾದ ಜೇಡಿಮಣ್ಣಿಗೆ ರಾತ್ರಿ ನೀರು ಬಿಟ್ಟು ಬೆಳಿಗ್ಗೆ ರಿಪ್ಪರ್ ಹಾಕಿದ್ದು ಮಾತ್ರ ಬಹಳ ಕೆಲಸಕ್ಕೆ ಬಂತು. ಎಷ್ಟು ನೀರು ಅನ್ನುವುದು ಕೈಗೆ ಬರಬೇಕು.

ಮಳೆ ಬಿದ್ದಾಗ ಸ್ಲಾಟ್ ಕೈಕೊಟ್ಟಿತು. ಗೋಡೆ ಕುಸಿದು ಸಾಲಿನಲ್ಲಿ ನೀರು ನಿಂತಿತು, ಮಣ್ಣು ಬ್ಲೇಡಿಗೆ ಮೆತ್ತಿಕೊಂಡು ಬಿಡಲೇ ಇಲ್ಲ. ಮೂರ್ನಾಲ್ಕು ದಿನ ಗಾಡಿ ನಿಂತಿತು, ಆಪರೇಟರ್ ಸಂಬಳ ಮಾತ್ರ ನಡೆಯಿತು. ಆಮೇಲೆ ದಿನದ ಕೊನೆಗೆ ಸಾಲಿನ ಬಾಯಿ ತೆರೆದು, ನೀರು ತಗ್ಗಿನ ಕಡೆಗೆ ಹರಿಯುವ ಹಾಗೆ ಮಾಡಿಯೇ ಗಾಡಿ ನಿಲ್ಲಿಸಿದೆ. ಮುಂದೆ ಆ ತೊಂದರೆ ಆಗಲಿಲ್ಲ.

ಲೆಕ್ಕ ಹಾಕಿದಾಗ ಒಂದು ಘನ ಮೀಟರ್‌ಗೆ ಬಿದ್ದ ಡೀಸೆಲ್ ಮೊದಲ ವಾರದ ಮೂರನೇ ಎರಡು ಭಾಗಕ್ಕೆ ಇಳಿದಿತ್ತು. ಆ ಸೂಪರ್‌ವೈಸರೇ ಪಕ್ಕದ ತುಂಡಿಗೂ ನನ್ನನ್ನೇ ಕರೆದರು. ಅಲ್ಲಿ ತಳ್ಳುವ ದೂರ 100 ಮೀಟರ್ ದಾಟುತ್ತದೆ. ಅಷ್ಟು ದೂರಕ್ಕೆ ಡೋಜರ್ ದುಡಿಯುವುದಿಲ್ಲ, ಟಿಪ್ಪರ್ ಹಾಕಿ ಅಂತ ನಾನೇ ಹೇಳಿ ಕಳಿಸಿದೆ.