ಅಲುಗಾಡುವ ಬಾಯಿಗೆ ಗಟ್ಟಿಯಾಗಿ ಕೂರುವ ಹಲ್ಲಿನ ಸೆಟ್

ನಾಲಿಗೆ ತಾನಾಗಿಯೇ ಹೊರಚಾಚುತ್ತದೆ, ತುಟಿ ಚಪ್ಪರಿಸುತ್ತದೆ, ದವಡೆ ಏನೋ ಜಗಿಯುತ್ತಿರುವ ಹಾಗೆ ಆಡುತ್ತಲೇ ಇರುತ್ತದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದ ಕೆಲವರಿಗೆ ಹೀಗಾಗುತ್ತದೆ. ಇದಕ್ಕೆ ಟಾರ್ಡಿವ್ ಡಿಸ್ಕೈನೀಸಿಯಾ ಅಂತಾರೆ. ಪಾರ್ಕಿನ್ಸನ್ ಇರುವವರ ಬಾಯಿಯೂ ನಡುಗುವುದುಂಟು. ಇಂಥವರ ಮನೆಯವರು ಹೇಳುವುದು ಒಂದೇ: 'ಸೆಟ್ ಡಬ್ಬಿಯಲ್ಲೇ ಇದೆ ಡಾಕ್ಟ್ರೇ, ಅಮ್ಮ ಹಾಕ್ಕೊಳ್ಳೋದೇ ಇಲ್ಲ.'

ಮೇಲಿನ ಸೆಟ್ ಅಂಗುಳಿಗೆ ಅಂಟಿ ಹೇಗೋ ನಿಲ್ಲುತ್ತದೆ. ಕಷ್ಟವೆಲ್ಲ ಕೆಳಗಿನದರದ್ದೇ. ಲಾಳದಾಕಾರದ ಸಣ್ಣ ಪಟ್ಟಿ, ನಡುವೆ ಸುಮ್ನಿರದ ನಾಲಿಗೆ. ಆದರೆ ನಾಲಿಗೆ ಹೊರಕ್ಕೆ ತಳ್ಳುವ ಬಲವೂ ಕೆನ್ನೆ, ತುಟಿ ಒಳಕ್ಕೆ ಒತ್ತುವ ಬಲವೂ ಸರಿಸಮ ಆಗುವ ಒಂದು ಜಾಗ ಇದೆ, ಅದೇ ನ್ಯೂಟ್ರಲ್ ಝೋನ್. ಹಲ್ಲು ಅಲ್ಲೇ ಕೂರಬೇಕು.

ಇಂಥ ಸೆಟ್ ಮಾಡುವ ದಂತವೈದ್ಯರು ಮೊದಲು ಸಮಯ ನೋಡಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ತೆಗೆದುಕೊಳ್ಳುವವರಾದರೆ ಮಾತ್ರೆ ನುಂಗಿ ಒಂದು, ಒಂದೂವರೆ ಗಂಟೆಯಾದ ಮೇಲೆ ಕರೆಸಿ. ಸೆಟ್ಟಿಗೋಸ್ಕರ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಬೇಗ ಗಟ್ಟಿಯಾಗುವ ವಸ್ತುವಿನಲ್ಲಿ ಅಚ್ಚು ತೆಗೆದು, ಎರಡು ದವಡೆಗಳ ನಡುವಿನ ಎತ್ತರ ಗುರುತಿಸಿಕೊಳ್ಳಿ.

ಆಮೇಲೆ ನಿಜವಾದ ಕೆಲಸ. ಅಚ್ಚಿಗೆ ತಕ್ಕಂತೆ ಮಾಡಿದ ಕೆಳಗಿನ ಪ್ಲೇಟಿನ ಮೇಲೆ ಬಿಸಿನೀರಲ್ಲಿ ಮೆತ್ತಗಾದ ಕಾಂಪೌಂಡ್ (ಅಚ್ಚು ತೆಗೆಯುವ ಮೇಣದಂಥ ವಸ್ತು) ಹಚ್ಚಿ ಬಾಯಲ್ಲಿಡಿ. ಉಗುರುಬೆಚ್ಚಗಿನ ನೀರು ಗುಟುಕರಿಸಿ ನುಂಗಲಿ, ಆ, ಈ, ಊ ಅನ್ನಲಿ, ತುಟಿ ಸವರಿಕೊಳ್ಳಲಿ. ನಡುವೆ ನಾಲಿಗೆ ತಾನಾಗಿ ಹೊರಬಂದರೆ ತಡೆಯಲೇಬೇಡಿ, ನಮಗೆ ಬೇಕಾದ್ದೇ ಅದು. ಹೊರತೆಗೆದಾಗ ನೋಡಿ: ನಾಲಿಗೆ ಒತ್ತಿದ ಕಡೆ ಒಂದು ತಗ್ಗು, ಕೆನ್ನೆ ಒತ್ತಿದ ಕಡೆ ಇನ್ನೊಂದು, ನಡುವೆ ಸಣ್ಣ ದಿಣ್ಣೆ. ಮತ್ತೊಮ್ಮೆ ಮಾಡಿ. ಅದೇ ಆಕಾರ ಬಂದರೆ ಮಾತ್ರ ನಂಬಿ.

ಆ ದಿಣ್ಣೆಯ ಎರಡೂ ಬದಿಗೆ ಪುಟ್ಟಿಯ (ಕಣಕದಂತಿದ್ದು ಆಮೇಲೆ ಗಟ್ಟಿಯಾಗುವ ಅಚ್ಚಿನ ವಸ್ತು) ಗೋಡೆ ಕಟ್ಟಿ, ಕಾಂಪೌಂಡ್ ತೆಗೆದು ಮೇಣ ತುಂಬಿ, ಗೋಡೆ ದಾಟದ ಹಾಗೆ ಹಲ್ಲು ಜೋಡಿಸಿ. ಉಬ್ಬು ಇಲ್ಲದ ಚಪ್ಪಟೆ ಹಲ್ಲೇ ನನಗಿಷ್ಟ, ದವಡೆ ಅತ್ತಿತ್ತ ಜಾರಿದರೂ ಸಿಕ್ಕಿಹಾಕಿಕೊಂಡು ಪ್ಲೇಟನ್ನು ಎಬ್ಬಿಸುವುದಿಲ್ಲ. ಮೇಣದ ಸೆಟ್ಟನ್ನು ಬಾಯಲ್ಲಿಟ್ಟು ಮತ್ತೆ ಮಾತಾಡಿಸಿ, ನೀರು ಕುಡಿಸಿ, ಸೆಟ್ ಮೇಲೆದ್ದರೆ ಈಗಲೇ ತಿದ್ದಿ.

ಮೂಳೆ, ಆರೋಗ್ಯ ಎರಡೂ ಚೆನ್ನಾಗಿದ್ದರೆ ಕೆಳದವಡೆಗೆ ಎರಡು ಇಂಪ್ಲಾಂಟ್ (ಸೆಟ್ಟನ್ನು ಹಿಡಿದಿಡಲು ಮೂಳೆಯೊಳಗೆ ಕೂರಿಸುವ ತಿರುಪು) ಹಾಕಿಸುವ ಮಾತು ಖಂಡಿತ ಆಡಿ.

ಬಾಯಿ ಒಣಗುವವರು ಪ್ಲೇಟ್ ಒದ್ದೆ ಮಾಡಿಯೇ ಹಾಕಿಕೊಳ್ಳಲಿ. ಸೆಟ್ ಕೊಟ್ಟ ಮಾರನೇ ದಿನವೇ ಒಮ್ಮೆ ಕರೆಸಿ. ಒಸಡು ಕೆಂಪಾದ ಜಾಗ ಆಗಲೇ ಕಾಣುತ್ತದೆ, ಅಲ್ಲಿ ಒತ್ತುವ ಸೆಟ್ಟಿನ ಭಾಗವನ್ನು ಉಜ್ಜಿಕೊಟ್ಟರೆ ಅಜ್ಜಿ ಸೆಟ್ಟನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲ.